ಗೆಜ್ಜೆ ಕಟ್ಕೊಂಡೇ ಬದುಕ್ತೀನಿ ಅಂದ್ಯಲ್ಲ, ಅದಕ್ಕೆ

ಪುಟ್ಟೀ,

ನಿನ್ ಮೆಸೇಜ್ ನೋಡ್ದೆ. ಡಿಗ್ರಿ ಮುಗಿದ್ಮೇಲೆ ಕೆಲಸಕ್ಕೆ ಹೋಗಲ್ಲ, ಡ್ಯಾನ್ಸೇ ಮಾಡ್ತೀನಿ ಅಂದಿದ್ದಕ್ಕೆ ನಿಮ್ಮಪ್ಪ ಎರಡು ದಿನದಿಂದ ಮುಖ ಊದಿಸ್ಕೊಂಡು ಕೂತಿದಾನಂತೆ. ಅವನನ್ನ ನನಗೆ ಬಿಡು, ನನ್ ತಮ್ಮನೇ ತಾನೆ. ಆದ್ರೆ ನಿನಗೂ ನಾಲ್ಕು ಮಾತು ಹೇಳೋದಿದೆ.

"ಡ್ಯಾನ್ಸೂ ಒಂದು ವೃತ್ತೀನಾ" ಅಂತ ಕೇಳೋರಿಗೆ ಜಟ್ಟಿ ತಾಯಮ್ಮನ ಹೆಸರು ಹೇಳು. ಮೈಸೂರು ಆಸ್ಥಾನದ ನರ್ತಕಿ, ಕುಣಿತವೇ ಅವರ ಬದುಕು. ಅವರ ಶಿಷ್ಯೆ ವೆಂಕಟಲಕ್ಷಮ್ಮನೋರೂ ಆಸ್ಥಾನದಲ್ಲಿದ್ದೋರೇ, 1965ರಲ್ಲಿ ಮೈಸೂರು ಯೂನಿವರ್ಸಿಟೀಲಿ ನೃತ್ಯ ಶುರುವಾದಾಗ ಪಾಠಕ್ಕೆ ಕರೆದಿದ್ದು ಅವರನ್ನೇ. ಅಂದ್ರೆ ನಮ್ ದೇಶದಲ್ಲಿ ಕುಣಿತ ಯಾವತ್ತೋ ವೃತ್ತಿ ಆಗಿತ್ತು ಕಣೇ, ಆ ವೃತ್ತಿಯ ಹೆಂಗಸರನ್ನ ಊರವರೆಲ್ಲ ಸೇರಿ ಆಚೆ ತಳ್ಳಿದ್ರು, 1947ರಲ್ಲಿ ಮದ್ರಾಸಲ್ಲಿ ಹೆಣ್ಮಕ್ಕಳನ್ನ ದೇವದಾಸಿ ಬಿಡೋದನ್ನ ತಡೆಯೋ ಕಾನೂನೂ ಬಂತು, ಅಷ್ಟೊತ್ತಿಗೆ ಆ ಹೆಂಗಸರ ಕುಣಿತಕ್ಕಿದ್ದ ಸದಿರ್ ಅನ್ನೋ ಹೆಸರು ಹೋಗಿ ಭರತನಾಟ್ಯ ಅಂತ ಹೆಸರಾಗಿ ನಮ್ಮಂಥೋರ ಮನೆಗೆ ಬಂದಾಗಿತ್ತು. ರುಕ್ಮಿಣೀದೇವಿ 1936ರಲ್ಲಿ ಮದ್ರಾಸಲ್ಲಿ ಕಲಾಕ್ಷೇತ್ರ ಅನ್ನೋ ನೃತ್ಯಶಾಲೆ ಕಟ್ಟಿದ್ದು ಸಣ್ಣ ಕೆಲಸ ಅಲ್ಲ, ಒಬ್ಬ ಗುರು ಒಂದು ಮನೆ ಅಂತಿದ್ದ ವಿದ್ಯೆ ಶಾಲೆಗೆ ಬಂತು. ಆದ್ರೆ ಆ ರುಕ್ಮಿಣೀದೇವಿ ಕಲಿತಿದ್ದೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ ಹತ್ರ, ತಲೆತಲಾಂತರದಿಂದ ಕುಣಿತ ಕಲಿಸ್ತಿದ್ದ ಹಳೇ ನಟ್ಟುವನಾರ್ ಮನೆತನದೋರು. ನಮ್ ಮನೆಗಳಿಗೆ ಬಂದ್ಮೇಲೆ ಡ್ಯಾನ್ಸು "ಸಂಸ್ಕಾರ" ಆಯ್ತು. ಸಂಸ್ಕಾರಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳು!

ನನ್ನದೇ ಕಥೆ ಕೇಳು. ಡ್ಯಾನ್ಸಿನ ಕೊನೇ ಪರೀಕ್ಷೆ ವಿದ್ವತ್ ಪಾಸಾದ ವರ್ಷ, ಕಾರ್ಯಕ್ರಮ ನಡೆಸೋ ಒಂದು ಸಭೆಯೋರು ಕರೆದ್ರು, ಕುಣಿದೆ, ಮುಗಿದ್ಮೇಲೆ ಶಾಲು, ಹಣ್ಣಿನ ಬುಟ್ಟಿ, ಒಂದು ಮೆಮೆಂಟೊ. ಮೃದಂಗದೋರಿಗೆ, ಹಾಡಿದೋರಿಗೆ, ಮೇಕಪ್ಪಿನೋರಿಗೆ ಕವರ್ ಕೊಟ್ಟಿದ್ದು ನಿಮ್ಮಜ್ಜ. ಬಸ್ಸಲ್ಲಿ ಬರ್ತಾ ಹಣ್ಣಿನ ಬುಟ್ಟಿ ತೊಡೆ ಮೇಲಿಟ್ಕೊಂಡು ಎಷ್ಟು ಖರ್ಚಾಯ್ತು ಅಂತ ಲೆಕ್ಕ ಹಾಕಿದ್ದು ಇನ್ನೂ ನೆನಪಿದೆ. ಅದಕ್ಕೇ ಹೇಳ್ತೀನಿ, ಕರೆದೋರನ್ನ ಮೊದಲ ಫೋನಲ್ಲೇ ಸಂಭಾವನೆ ಎಷ್ಟು ಅಂತ ಕೇಳು, ನಾಚ್ಕೋಬೇಡ.

ರಂಗಪ್ರವೇಶಕ್ಕೆ, ಅದೇ ಮೊದಲ ಪೂರ್ತಿ ಪ್ರದರ್ಶನಕ್ಕೆ, ಮದುವೆ ಥರ ಖರ್ಚು ಮಾಡೋದು ಬೇಡ. ಹಾಲ್ ಬಾಡಿಗೆ, ಊಟ, ಮೂರು ಡ್ರೆಸ್ಸು, ಫೋಟೋ ಹಾಕಿದ ಪುಸ್ತಕ, ಮಾರನೇ ದಿನ ಗೆಜ್ಜೆ ಬೀರೂಗೆ ಸೇರುತ್ತೆ, ಎಷ್ಟು ಹುಡುಗೀರದ್ದು ನೋಡಿದೀನಿ. ಆ ದುಡ್ಡಲ್ಲಿ ಇನ್ನೆರಡು ವರ್ಷ ಕಲಿ. ಹೆಸರಘಟ್ಟದ ಹತ್ರ ಪ್ರೊತಿಮಾ ಬೇಡಿ 1990ರಲ್ಲಿ ಶುರುಮಾಡಿದ ನೃತ್ಯಗ್ರಾಮಕ್ಕೆ ಒಂದ್ಸಲ ಹೋಗಿ ಬಾ, ಅಲ್ಲಿ ಒಡಿಸ್ಸಿ, ನಿಂದು ಭರತನಾಟ್ಯ, ಪರವಾಗಿಲ್ಲ, ದಿನವೆಲ್ಲ ಅದೇ ಕೆಲಸ ಮಾಡೋರು ಹೆಂಗಿರ್ತಾರೆ ಅಂತ ಕಣ್ಣಾರೆ ನೋಡು.

ಇನ್ನೊಂದು, ನೀನು ಬದುಕೋದು ಸ್ಟೇಜಿಂದ ಅಲ್ಲ, ಕ್ಲಾಸಿಂದ. ನಮ್ಮಲ್ಲಿ ಹೆಚ್ಚಿನೋರ ಮನೆ ನಡೆಯೋದು ಪಾಠದಿಂದಾನೇ. ಆದ್ರೆ ಪಾಠ ಹೇಳೋದು ಹೆಂಗೆ ಅಂತ ನಮಗೆ ಯಾರೂ ಹೇಳ್ಕೊಡ್ಲಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಲ್ಲ ನಮ್ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಬೋರ್ಡಿನೋರೇ ಮಾಡ್ತಿದ್ದಿದ್ದು, ಶ್ಲೋಕ ಉರು ಹೊಡೆದು ಬರೆದ್ವಿ, ಪಾಸಾದ್ವಿ. ಅರೆಮಂಡೀಲಿ, ಅಂದ್ರೆ ಮಂಡಿ ಬದಿಗೆ ಬಗ್ಗಿಸಿ ಅರ್ಧ ಕೂತಾಗ, ಮಗೂ ಪಾದ ಬದಿಗೆ ತಿರುಗಿದ್ರೂ ಮಂಡಿ ಮಾತ್ರ ಮುಂದಕ್ಕೇ ನೋಡ್ತಿದ್ರೆ ತಿರುಚೋದು ಮಂಡೀನೇ ಅಂತ ಯಾವ ಪ್ರಶ್ನೆಪತ್ರಿಕೇಲೂ ಇರ್ಲಿಲ್ಲ. ನಾನು ಸಿಮೆಂಟ್ ನೆಲದ ಮೇಲೆ ಹತ್ತು ವರ್ಷ ತಟ್ಟಡವು ಅಂತ ಕಾಲು ತಟ್ಟಿದೋಳು, ಈಗ ಮೆಟ್ಟಿಲು ಇಳಿಯೋವಾಗ ಕೈ ಗೋಡೆ ಹುಡುಕುತ್ತೆ. ನೀನು ಕ್ಲಾಸ್ ಮಾಡಿದ್ರೆ ಮೊದ್ಲು ಮರದ ನೆಲ ಹಾಕ್ಸು, ನಟರಾಜನ ವಿಗ್ರಹ ಆಮೇಲೆ ತಂದ್ರಾಯ್ತು.

ನಟ್ಟುವಾಂಗ, ಅಂದ್ರೆ ಕೂತು ತಾಳ ಹಾಕಿ ಕುಣಿಸೋದು, ಕಲಿ, ಇದನ್ನ ಮಾತ್ರ ಬಿಡಬೇಡ. ಬಾಯಲ್ಲಿ ಜತಿ ಅನ್ನೋ ತಾಳದ ಸೊಲ್ಲು, ಕೈಲಿ ತಾಳ, ಕಣ್ಣು ಇನ್ನೊಬ್ಬರ ಕಾಲಿನ ಮೇಲೆ, ಮೊದಮೊದಲು ಮೂರೂ ಒಂದಾಗಲ್ಲ, ಅಳು ಬರುತ್ತೆ. ಬಂದ್ಮೇಲೆ ನಿನ್ ಶಿಷ್ಯರ ಪ್ರೋಗ್ರಾಮಿಗೆ ಬೇರೆಯೋರ ಡೇಟ್‌ಗೆ ಕಾಯ್ಬೇಕಾಗಿಲ್ಲ, ಮಂಡಿ ನೋವು ಬಂದ್ರೂ ಕೆಲಸ ನಿಲ್ಲಲ್ಲ. ಕೊರಿಯೋಗ್ರಫೀನೂ ಅಷ್ಟೇ, ಮಾಯಾ ರಾವ್ ಅನ್ನೋ ನರ್ತಕಿ, ಕಥಕ್ ಗೊತ್ತಿದ್ರೂ ಕೊರಿಯೋಗ್ರಫಿ ಕಲಿಯೋಕೇ ಅಂತ ಸೋವಿಯತ್ ದೇಶಕ್ಕೆ ಹೋಗಿ ಬಂದು ಇಲ್ಲಿ ಕಲಿಸಿದ್ರು. ತಾನಾಗೇ ಬರುತ್ತೆ ಅಂತ ಕೂರ್ಲಿಲ್ಲ.

ಭಾನುವಾರ ಬಾ. ಪಾಠ ಮಾಡೋವಾಗ ತಾಳ ತಟ್ಟೋ ನನ್ ತಟ್ಟುಮಣೆ, ಕೋಲು ಅಟ್ಟದ ಮೇಲಿದೆ, ನನಗೆ ಹತ್ತೋಕಾಗಲ್ಲ, ನೀನೇ ಇಳಿಸ್ಕೋ. ಅಪ್ಪನ್ನೂ ಕರ್ಕೊಂಡ್ ಬಾ, ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕು.

ನಿನ್ನ ಅತ್ತೆ