ಸ್ನೋಬೋರ್ಡ್ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ 10ಕ್ಕೆ ಡೆನ್ವರ್‌ನಲ್ಲಿ ಹಳೇ ಬೋರ್ಡ್ ಮಾರುವ ಅಂಗಡಿಗೆ ಹೋಗ್ತಿದ್ದೇವೆ. ಬ್ರೆಕನ್‌ರಿಜ್, ಕೀಸ್ಟೋನ್ ಸ್ಕೀ ರೆಸಾರ್ಟ್‌ಗಳ ಟೆರೇನ್ ಪಾರ್ಕ್‌ಗೆ (ಹಿಮದಲ್ಲಿ ಜಿಗಿಯೋಕೆ, ಕಂಬಿ ಮೇಲೆ ಜಾರೋಕೆ ಕಟ್ಟಿದ ಜಾಗ) ಇಳಿಯಬೇಕು ಅಂತಿರುವ ಮಕ್ಕಳು, ಅವರ ಅಪ್ಪ-ಅಮ್ಮ ಬಂದರೆ ಸಾಕು.

ಫ್ರೀಸ್ಟೈಲ್‌ಗೆ, ಅಂದರೆ ಇಂಥ ಜಿಗಿತ-ಕಸರತ್ತಿಗೆ, ಟ್ರೂ ಟ್ವಿನ್ ಬೋರ್ಡೇ ನೋಡಿ. ಎರಡೂ ತುದಿ ಒಂದೇ ಆಕಾರ, ಹಿಂದುಮುಂದಾಗಿ ಜಾರಿದರೂ ಒಂದೇ ಹಿಡಿತ. ಮೃದುವಾಗಿ ಬಾಗುವಂಥದ್ದು ಒಳ್ಳೆಯದು. ಉದ್ದ ಆರಿಸುವಾಗ ಎತ್ತರಕ್ಕಿಂತ ತೂಕ ಮುಖ್ಯ, ಕಂಪನಿಯ ತೂಕದ ಪಟ್ಟಿ ನೋಡಿ. ಗಂಡಸರ ಬೂಟಿನ ಅಳತೆ (ಅಮೆರಿಕದ್ದು) 11 ದಾಟಿದರೆ ವೈಡ್ (ಅಗಲದ) ಬೋರ್ಡ್ ಬೇಕಾಗಬಹುದು. ಎಕ್ಸ್‌ಟ್ರೂಡೆಡ್ ತಳ (ಪ್ಲಾಸ್ಟಿಕ್ ಕರಗಿಸಿ ಹಾಳೆ ಮಾಡಿದ್ದು) ಅಗ್ಗ, ಗೀರು ಬಿದ್ದರೆ ರಿಪೇರಿಯೂ ಸುಲಭ. ರೈಲ್ (ಕಂಬಿ) ಮೇಲೆ ಜಾರುವವರು ಸಿಂಟರ್ಡ್ ತಳಕ್ಕೆ (ಪ್ಲಾಸ್ಟಿಕ್ ಪುಡಿ ಒತ್ತಿ ಮಾಡಿದ, ದುಬಾರಿ ತಳ) ದುಡ್ಡು ಸುರಿಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಳೇದಾದರೆ ಅಂಚಿನ ಉಕ್ಕು ಬಿರುಕು ಬಿಟ್ಟಿದೆಯಾ, ಪದರ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಲೇಬೇಕು. ಬರ್ಟನ್ ಕಂಪನಿಯ ಚಾನೆಲ್ ಬೋರ್ಡಿಗೆ (ಸ್ಕ್ರೂ ತೂತುಗಳ ಬದಲು ಉದ್ದ ಸೀಳು ಇರುವಂಥದ್ದು) ಎಲ್ಲ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಸಾಧನ) ಕೂರಲ್ಲ, ಕೇಳಿಕೊಂಡೇ ತೊಗೊಳ್ಳಿ. ಉಳಿದ ದುಡ್ಡು ಬೂಟಿಗೆ, ಹೆಲ್ಮೆಟ್‌ಗೆ ಇಡಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ದಯವಿಟ್ಟು.

ಬರುವವರು ಗುರುವಾರ ರಾತ್ರಿಯೊಳಗೆ ಹೆಸರು, ಮಕ್ಕಳ ತೂಕ, ಬೂಟಿನ ಅಳತೆ ಇಲ್ಲೇ ಹಾಕಿ. ನನ್ನ ಕಾರಲ್ಲಿ ಮೂವರಿಗೆ ಜಾಗ ಇದೆ.