ಆರದ ಗಾಯದ ಅಡಿಯಲ್ಲಿ ಸತ್ತ ಮೂಳೆ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮೂಳೆ ಅಂದರೆ ಕ್ಯಾಲ್ಸಿಯಂ, ಇಲ್ಲವೇ ಮಂಡಿನೋವು. ಮೂಳೆಯ ಚೂರೊಂದು ಸತ್ತು ಒಳಗೇ ಉಳಿದುಬಿಡುವುದರ ಬಗ್ಗೆ ಬಂದದ್ದನ್ನು ನಾನು ಓದಿಲ್ಲ. ಅಂಥ ಚೂರನ್ನು 3 ವರ್ಷ ಕಾಲಿನಲ್ಲಿ ಹೊತ್ತು ತಿರುಗಿದವನು ನಾನು.

ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಮೂಳೆ ಕೂಡಿಕೊಂಡಿತು. ಗಾಯದ ಜಾಗದಲ್ಲಿ ಸಣ್ಣ ತೂತು ಉಳಿಯಿತು. ಕೀವು ಸೋರುತ್ತಿತ್ತು, ಮಾತ್ರೆ ನುಂಗಿದರೆ ಒಣಗುತ್ತಿತ್ತು, ಬಿಟ್ಟರೆ ಮತ್ತೆ ಬಾಯಿ ತೆರೆಯುತ್ತಿತ್ತು. ‘ಚರ್ಮದ ಸೋಂಕು, ಹೋಗುತ್ತೆ’ ಅನ್ನುತ್ತಿದ್ದರು. ನಾನೂ ಸುಮ್ನೆ ಮುಲಾಮು ಹಚ್ಚಿಕೊಂಡಿದ್ದೆ. ಕೊನೆಗೆ ಒಬ್ಬ ವೈದ್ಯರು ಎಕ್ಸ್‌ರೇ ತೆಗೆಸಿದರು. ಸುತ್ತಲಿನ ಮೂಳೆಗಿಂತ ಬೆಳ್ಳಗೆ, ಬಿಡಿಯಾಗಿ ಒಂದು ಚೂರು ಕಂಡಿತು. ಅದಕ್ಕೆ ಸೀಕ್ವೆಸ್ಟ್ರಮ್ ಎಂದು ಹೆಸರು.

ಮೂಳೆಗೂ ಜೀವವಿದೆ, ಅದಕ್ಕೂ ರಕ್ತ ಬೇಕು. ಪೆಟ್ಟು ಬಿದ್ದು ರಕ್ತನಾಳ ಹರಿದರೆ, ಅಥವಾ ಒಳಗೆ ಕೀವು ತುಂಬಿ ರಕ್ತದ ದಾರಿಯನ್ನು ಒತ್ತಿಬಿಟ್ಟರೆ, ಆ ಭಾಗ ಸಾಯುತ್ತದೆ. ದೇಹ ಅದನ್ನು ಬೇರೆ ಮಾಡಿ ಸುತ್ತಲೂ ಹೊಸ ಮೂಳೆ ಕಟ್ಟುತ್ತದೆ, ಗೋರಿ ಕಟ್ಟಿದ ಹಾಗೆ. ಆ ಗೋರಿಯಲ್ಲಿ ಕೀವು ಹೊರಬರಲು ಕಿಂಡಿಯೂ ಇರುತ್ತದೆ! ಮಾತ್ರೆ ಹೋಗುವುದು ರಕ್ತದ ಜೊತೆ. ರಕ್ತವೇ ಹರಿಯದ ಚೂರಿಗೆ ಮಾತ್ರೆ ತಲುಪುವುದು ಹೇಗೆ, ಅಲ್ವಾ? ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡು ಹಾಯಾಗಿ ಕೂತಿರುತ್ತವೆ.

ಆಪರೇಷನ್ ಮಾಡಿ ತೆಗೆದ ಚೂರನ್ನು ತೋರಿಸಿದರು. ಕಿರುಬೆರಳಿನ ಉಗುರಿನಷ್ಟಿತ್ತು. ಇಷ್ಟಕ್ಕೆ 3 ವರ್ಷವೇ ಅನ್ನಿಸಿತು. ಆಮೇಲೆ 6 ವಾರ ಆ್ಯಂಟಿಬಯೋಟಿಕ್. ತೂತು ಮುಚ್ಚಿತು.

ಎಲ್ಲರಿಗೂ ಆಪರೇಷನ್ ಬೇಕು ಅಂತಲ್ಲ. ಹಲ್ಲು ಕೀಳಿಸಿದ ಮೇಲೆ ವಸಡಿನಿಂದ ಸಣ್ಣ ಚೂರು ತಾನಾಗಿಯೇ ಹೊರಬರುವುದುಂಟು. ಮಕ್ಕಳಲ್ಲಿ ಹೊಸ ಮೂಳೆ ಗಟ್ಟಿಯಾಗುವ ತನಕ ಕಾಯುವುದೂ ಇದೆ. ಆದರೆ ತಿಂಗಳುಗಟ್ಟಲೆ ಸೋರುವ ಗಾಯವನ್ನು ಚರ್ಮದ್ದು ಎಂದು ಬಿಡಬಾರದು. ದಶಕಗಳ ಕಾಲ ಸೋರಿದರೆ ಅಪರೂಪಕ್ಕೆ ಕ್ಯಾನ್ಸರ್‌ಗೂ ತಿರುಗುತ್ತದೆ. ಇನ್ನೊಂದು ಮಾತು: ಸೋಂಕು ಶುರುವಾದ ಮೊದಲ 10 ದಿನ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಆಗ ಎಂಆರ್‌ಐ ನೆರವಿಗೆ ಬರುತ್ತದೆ.

ಮೂಳೆ ತಜ್ಞರೊಬ್ಬರಿಂದ ಇದರ ಬಗ್ಗೆ ಬರೆಸಿ. ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಆರದೆ ಕೂತವರಿಗೆ ಇದು ನನಗಿಂತ ಜಾಸ್ತಿ ಬೇಕು.

ಇಂತಿ,
ನಿಮ್ಮ ಓದುಗ