ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು?

ಮಾನ್ಯ ಸಂಪಾದಕರೇ,

‘ಇನ್ನ ಮಾಡೂದೇನೂ ಉಳದಿಲ್ರಿ, ಮನೀಗೆ ಕರ್ಕೊಂಡು ಹೋಗ್ರಿ.’ ಮಿರಜ, ಸೊಲ್ಲಾಪುರ, ಹುಬ್ಬಳ್ಳಿಗೆ ಅಲೆದು ಬರುವ ಬಾಯಿ ಕ್ಯಾನ್ಸರ್ ರೋಗಿಗಳ ಮನೆಯವರು ಕೊನೆಗೆ ಈ ಒಂದು ಮಾತು ಹೊತ್ತು ಊರಿಗೆ ಮರಳುತ್ತಾರೆ. ನಿಜ ಹೇಳಬೇಕೆಂದರೆ ಮಾಡುವುದು ಬೇಕಾದಷ್ಟು ಉಳಿದಿರುತ್ತದೆ. ನೋವು ತಗ್ಗಿಸಬೇಕು, ಹುಣ್ಣಿನ ವಾಸನೆ ನಿಲ್ಲಿಸಬೇಕು, ಬೆನ್ನಿಗೆ ಗಾಯವಾಗದಂತೆ ಕಾಯಬೇಕು, ಮನೆಯವರಿಗೂ ಧೈರ್ಯ ಹೇಳಬೇಕು. ಇದಕ್ಕೇ ಉಪಶಾಮಕ ಆರೈಕೆ ಎನ್ನುವುದು. ವಿಜಯಪುರ, ಬಾಗಲಕೋಟೆ ಭಾಗದಲ್ಲಿ ಮನೆಮನೆಗೆ ಹೋಗಿ ಈ ಕೆಲಸ ಮಾಡುವ ಶುಶ್ರೂಷಕರಾದ ನಮ್ಮನ್ನು ಜನ ಕೇಳುವುದು ಒಂದೇ: ನಮ್ಮವರನ್ನು ಯಾರ ಕೈಗೆ ಒಪ್ಪಿಸೋಣ?

ಮೊಬೈಲಿನಲ್ಲಿ ‘ಹಾಸ್ಪೈಸ್’ (ಕೊನೆಯ ಹಂತದ ರೋಗಿಗಳ ಆರೈಕೆ ಕೇಂದ್ರ) ಎಂದು ಹುಡುಕಿ ದಿಕ್ಕು ತಪ್ಪಬೇಡಿ. ಹಾಸ್ಪೈಸ್ ಆರೈಕೆ ಸಿಗಲು ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಕಷ್ಟವೆಂದು ಇಬ್ಬರು ವೈದ್ಯರು ಬರೆದುಕೊಡಬೇಕೆಂಬುದು ಅಮೆರಿಕದ ಮೆಡಿಕೇರ್ ವಿಮೆಯ ನಿಯಮ. ನಮ್ಮಲ್ಲಿ ಅಂಥ ಷರತ್ತಿಲ್ಲ. ಕಿಮೋ ನಡೆಯುತ್ತಿರುವಾಗಲೇ ಈ ಆರೈಕೆ ಶುರುವಾದರೆ ಒಳ್ಳೆಯದು. ಇನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಇಟ್ಟುಕೊಂಡು ನೋಡುತ್ತಾರೆ. ಆದರೆ ವಿಜಯಪುರದಿಂದ ಅದು ಸುಮಾರು 500 ಕಿಲೋಮೀಟರ್. ನರಳುವ ಜೀವವನ್ನು ಅಷ್ಟು ದೂರ ಒಯ್ಯುವುದಕ್ಕಿಂತ ಮನೆಗೇ ಬರುವ ತಂಡ ಹುಡುಕುವುದು ಮೇಲು.

ಹುಡುಕುವಾಗ ಮೊದಲು ಕೇಳಬೇಕಾದ್ದು: ‘ತೀವ್ರ ನೋವು ತಗ್ಗಿಸುವ ಮಾರ್ಫಿನ್ ಗುಳಿಗೆ ನಿಮ್ಮಲ್ಲಿ ಸಿಗುತ್ತದೆಯೇ?’ ಸಿಗುವುದಿಲ್ಲ, ಎಲ್ಲಿ ಸಿಗುತ್ತದೆಂದೂ ಗೊತ್ತಿಲ್ಲ ಎಂದರೆ ಕಟ್ಟಡ ಎಷ್ಟೇ ಚಂದವಿದ್ದರೂ ಅಲ್ಲಿ ನಿಲ್ಲಬೇಡಿ. ‘ಕಾನೂನು ಬಿಡೂದಿಲ್ರಿ’ ಎಂದು ಕೆಲವರು ಹೇಳುತ್ತಾರೆ. ಅದು ಹಳೆಯ ಮಾತು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿದೆ. ಮಾರ್ಫಿನ್ ಸೇರಿ ಆರು ಔಷಧಗಳು ಈಗ ‘ಅತ್ಯಗತ್ಯ ಮಾದಕ ಔಷಧ’ಗಳ ಪಟ್ಟಿಯಲ್ಲಿವೆ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಇವುಗಳನ್ನು ದಾಸ್ತಾನಿಟ್ಟು ರೋಗಿಗೆ ಕೊಡಬಹುದು. ಹಿಂದಿನಂತೆ ಹಲವು ಇಲಾಖೆಗಳ ಲೈಸೆನ್ಸಿಗೆ ಅಲೆಯಬೇಕಿಲ್ಲ.

ಗುಳಿಗೆ ಇದ್ದರಷ್ಟೇ ಸಾಲದು, ಚೀಟಿ ಹೇಗೆ ಬರೆಯುತ್ತಾರೆ ನೋಡಿ. ಸಾದಾ ಮಾರ್ಫಿನ್ ಗುಳಿಗೆಯ ಕಸುವು ಸುಮಾರು ನಾಲ್ಕು ತಾಸು. ಆದ್ದರಿಂದ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ‘ನೋವಾದಾಗ ಒಂದು’ ಎಂದಷ್ಟೇ ಬರೆದರೆ ನೋವು ನೆತ್ತಿಗೇರಿದ ಮೇಲೆ ಗುಳಿಗೆ ಹೊಟ್ಟೆಗೆ ಹೋಗುತ್ತದೆ, ಕೆಲಸ ಮಾಡುವ ಹೊತ್ತಿಗೆ ರೋಗಿ ಸುಸ್ತು. ರಾತ್ರಿ ಮಲಗುವಾಗಿನ ಪ್ರಮಾಣ ಎಷ್ಟು, ನಡುವೆ ನೋವು ಎದ್ದರೆ ಹೆಚ್ಚುವರಿ ಎಷ್ಟು ಎಂಬುದೂ ಚೀಟಿಯಲ್ಲಿರಬೇಕು. ಜೊತೆಗೆ ಹೊಟ್ಟೆ ಕಟ್ಟದಂತೆ ಬಿಸಾಕೊಡಿಲ್‌ನಂಥ ಔಷಧ ಮೊದಲ ದಿನದಿಂದಲೇ ಬೇಕು. ಮಂಪರು, ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಗುಳಿಗೆ ಇರುವ ತನಕ ಬಿಡುವುದಿಲ್ಲ. ವಾರಗಟ್ಟಲೆ ಹೊಟ್ಟೆ ಕಟ್ಟಿ ನರಳುವುದನ್ನು ಕಂಡ ಮನೆಯವರು ಮಾರ್ಫಿನ್ನನ್ನೇ ನಿಲ್ಲಿಸಿಬಿಡುತ್ತಾರೆ, ಮತ್ತೆ ನೋವು ಶುರು. ಬಿಸಾಕೊಡಿಲ್ ಇಲ್ಲದ ಮಾರ್ಫಿನ್ ಚೀಟಿ ಕಂಡರೆ ಬರೆದವರಿಗೆ ಈ ಕೆಲಸದ ರೂಢಿ ಕಡಿಮೆ ಎಂದು ತಿಳಿಯಿರಿ. ಕಿಡ್ನಿ ಕೆಟ್ಟವರಿಗೆ ಲೆಕ್ಕವೇ ಬೇರೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನೈನ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳದೆ ಬರೆಯಬಾರದು. ಚಟ ಹತ್ತುತ್ತದೆಂದು ಹಿರಿಯರು ಹೆದರುತ್ತಾರೆ. ವೈದ್ಯರ ನಿಗಾದಲ್ಲಿ ನೋವಿಗೆ ತಕ್ಕಷ್ಟು ಕೊಟ್ಟರೆ ಅದು ಬಲು ಅಪರೂಪ. ಆದರೆ ನಿಮ್ಮಷ್ಟಕ್ಕೆ ನೀವೇ ಹೆಚ್ಚಿಸುವುದು, ಒಮ್ಮೆಲೇ ನಿಲ್ಲಿಸುವುದು ಎರಡೂ ಬೇಡ.

ಎರಡನೆಯ ಪ್ರಶ್ನೆ ರಾತ್ರಿಯದು. ಹಗಲು ಎಲ್ಲರೂ ಸಿಗುತ್ತಾರೆ. ರಾತ್ರಿ ಎರಡಕ್ಕೆ ಉಸಿರು ಕಟ್ಟಿದರೆ ಯಾರಿಗೆ ಫೋನ್ ಮಾಡಬೇಕು, ಎತ್ತುವವರು ನಮ್ಮ ರೋಗಿಯ ಕಾಗದ ಬಲ್ಲ ನರ್ಸೋ, ಸುಮ್ಮನೆ ಹೆಸರು ಬರೆದುಕೊಳ್ಳುವವರೋ? ಒಪ್ಪಂದಕ್ಕೆ ಮುಂಚೆ ಒಂದು ರಾತ್ರಿ ನೀವೇ ಆ ನಂಬರಿಗೆ ಫೋನ್ ಮಾಡಿ ನೋಡಿ, ತಪ್ಪೇನಿಲ್ಲ. ಎಷ್ಟು ಕಿಲೋಮೀಟರ್ ತನಕ ಬರುತ್ತಾರೆ, ವಾರಕ್ಕೆ ಎಷ್ಟು ಸಲ, ತೋಟದ ಮನೆಗೂ ಬರುತ್ತಾರೆಯೇ ಎಂಬುದನ್ನು ಬರೆಸಿಕೊಳ್ಳಿ. ಒಳ್ಳೆಯ ತಂಡ ರಾತ್ರಿಯ ಔಷಧವನ್ನು ಮೊದಲೇ ಮನೆಯಲ್ಲಿಟ್ಟು, ಯಾವುದಕ್ಕೆ ಯಾವುದು ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ ಹೋಗುತ್ತದೆ. ಅಂಥ ವ್ಯವಸ್ಥೆ ಇಲ್ಲದ ಮನೆಯವರು ಗಾಬರಿಯಲ್ಲಿ 108ಕ್ಕೆ ಫೋನ್ ಮಾಡುತ್ತಾರೆ. ಆಂಬುಲೆನ್ಸ್‌ನವರ ಕೆಲಸ ಆಸ್ಪತ್ರೆಗೆ ಸೇರಿಸುವುದು. ಮನೆಯಲ್ಲೇ ಕಣ್ಣು ಮುಚ್ಚಬೇಕೆಂದಿದ್ದವರು ಐಸಿಯು ಸೇರುವುದು ಹೀಗೆ.

ಮೊದಲ ಸಲ ಮನೆಗೆ ಬಂದ ನರ್ಸ್ ಏನನ್ನು ಮುಟ್ಟಿ ನೋಡುತ್ತಾರೆಂದು ಗಮನಿಸಿ. ಬಿಪಿ ನೋಡಿ ಎದ್ದುಹೋದರೆ ಅರ್ಧ ಕೆಲಸವೂ ಆಗಲಿಲ್ಲ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳತುದಿ, ಚಪ್ಪೆ, ಹಿಮ್ಮಡಿ ನೋಡಬೇಕು. ನಮ್ಮ ಕಡೆ ಹೊರಸಿನ ಮೇಲೆ ಕೌದಿ ಹಾಸುತ್ತಾರೆ. ಅಜ್ಜಿಯ ಕೈಯ ಕೌದಿ ಬೆಚ್ಚಗೇನೋ ಸರಿ, ಆದರೆ ತೇಪೆ ಸೇರುವಲ್ಲಿ ಹೊಲಿಗೆ ದಪ್ಪ. ಆ ದಾರವೇ ಬೆನ್ನೆಲುಬಿನ ತುದಿಗೆ ಒತ್ತಿ, ಬಡಕಲು ಮೈಯವರಿಗೆ ಒಂದೇ ದಿನದಲ್ಲಿ ಚರ್ಮ ಕೆಂಪಾಗುತ್ತದೆ. ಕೌದಿ ಹೊದಿಯಲು ಇರಲಿ, ಮೈ ಕೆಳಗೆ ನೆರಿಗೆಯಿಲ್ಲದ ಹಳೆಯ ಹತ್ತಿ ಸೀರೆ ಹಾಸಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಕೆಂಪಾದ ಜಾಗವನ್ನು ತಿಕ್ಕಬಾರದು, ಅದರ ಕೆಳಗೆ ಟ್ಯೂಬಿನಂಥ ಬಳೆ ದಿಂಬೂ ಬೇಡ. ಏರ್‌ಬೆಡ್ ಬಾಡಿಗೆಗೆ ತಂದರೆ ಕುಂಡೆಯ ನೇರಕ್ಕೆ ಅದರ ಕೆಳಗೆ ಅಂಗೈ ತೂರಿಸಿ ನೋಡಿ: ಎಲುಬು ಕೈಗೆ ತಾಗಿದರೆ ಗಾಳಿ ಸಾಲದು. ಕರೆಂಟ್ ಹೋದರೆ ಗಾಳಿ ಇಳಿಯುತ್ತದೆ. ಏರ್‌ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ.

ಬಾಯಿ, ಕುತ್ತಿಗೆಯ ಹುಣ್ಣಿನ ವಾಸನೆಗೆ ಏನು ಮಾಡುತ್ತೀರೆಂದೂ ಕೇಳಿ. ‘ಅತ್ತರ್ ಹೊಡೀರಿ, ಊದಬತ್ತಿ ಹಚ್ಚರಿ’ ಎಂದರೆ ಅವರಿಗೆ ಗೊತ್ತಿಲ್ಲ. ಹುಣ್ಣು ತೊಳೆದು ಮೆಟ್ರೊನಿಡಜೋಲ್ ಗುಳಿಗೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ, ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂಡುತ್ತಾರೆ. ಇಷ್ಟು ಅಗ್ಗದ ಔಷಧ ಹೇಳುವವರಿಲ್ಲದೆ ಎಷ್ಟೋ ಜನ ಪಡಸಾಲೆಯಿಂದ ದನದ ಕೊಟ್ಟಿಗೆಯ ಮಗ್ಗುಲ ಕೋಣೆಗೆ ಸರಿಯುತ್ತಾರೆ. ಇದು ಸಹಿಸುವ ಮಾತಲ್ಲ.

‘ಊಟ ಪೂರ್ತಿ ಬಿಟ್ಟರೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ‘ದಿನಾ ಸಲಾಯಿನ್ ಹಚ್ತೀವಿ’ ಎಂದರೆ ಯೋಚಿಸಿ. ಕೊನೆಯ ದಿನಗಳಲ್ಲಿ ದೇಹ ಆ ನೀರನ್ನು ಬಳಸಿಕೊಳ್ಳಲಾರದು. ಕೈಕಾಲು ಬಾಯುತ್ತವೆ, ಎದೆಯಲ್ಲಿ ಕಫ ಹೆಚ್ಚುತ್ತದೆ. ಒದ್ದೆ ಹತ್ತಿಯಿಂದ ಬಾಯಿ ಒರೆಸಿ, ತುಟಿಗೆ ವ್ಯಾಸಲೀನ್ ಹಚ್ಚುವುದರಿಂದ ಹೆಚ್ಚು ಹಿತವಾಗುತ್ತದೆ. ಗಂಟಲು ಗೊರಗೊರ ಎಂದಾಗ ಮಗ್ಗುಲಿಗೆ ಮಲಗಿಸುವುದನ್ನೂ, ಉಸಿರು ಸಾಲದವರ ಮುಖಕ್ಕೆ ಟೇಬಲ್ ಫ್ಯಾನ್ ಇಡುವುದನ್ನೂ ಮನೆಯವರಿಗೆ ಮೊದಲೇ ಕಲಿಸುವ ತಂಡವನ್ನೇ ಆರಿಸಿ.

ಹೋಮ್ ನರ್ಸ್ ಬ್ಯೂರೋದವರು ಕಳಿಸುವ ಎಲ್ಲರೂ ನರ್ಸ್ ಅಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಇಲ್ಲವೇ ಬಿಎಸ್ಸಿ ನರ್ಸಿಂಗ್ ನೋಂದಣಿ ಸಂಖ್ಯೆ ಕೇಳಿ. ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಕೇಂದ್ರವಾದರೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆಯ ಮೇಲಿರಬೇಕು. ಆರೋಗ್ಯ ವಿಮೆ ನಂಬಿಕೊಂಡವರು ಪಾಲಿಸಿಯಲ್ಲಿ ‘ಆಸ್ಪತ್ರೆ’ ಎಂದರೇನೆಂದು ಓದಿ. ಸಾಮಾನ್ಯವಾಗಿ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10 ಹಾಸಿಗೆ, ಸುಸಜ್ಜಿತ ಆಪರೇಷನ್ ಥಿಯೇಟರ್ ಇರಬೇಕು ಎಂದಿರುತ್ತದೆ. ಹಾಸ್ಪೈಸಿಗೆ ಥಿಯೇಟರ್ ಎಲ್ಲಿಂದ ಬರಬೇಕು?

ಕಾಗದಪತ್ರದ ಮಾತೂ ಇಲ್ಲೇ ಹೇಳಬೇಕು. ಆಸ್ಪತ್ರೆ ಬಿಡುವಾಗ ‘ವೈದ್ಯರ ಸಲಹೆ ಮೀರಿ ಹೋಗುತ್ತಿದ್ದಾರೆ’ ಎಂಬ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ಇನ್ನು ಗುಣವಾಗದೆಂದು ವೈದ್ಯರೇ ಹೇಳಿದ್ದರೆ, ಮನೆಯಲ್ಲಿ ಉಪಶಾಮಕ ಆರೈಕೆ ಮುಂದುವರಿಸಲು ಬಿಡುಗಡೆ ಎಂದು ಬರೆಯಲು ಕೇಳಿ. ನೋವಿನ ಔಷಧ, ಮೂತ್ರದ ನಳಿಗೆ ಹಾಕಿದ ಮತ್ತು ಬದಲಿಸುವ ತಾರೀಖು ಅದರಲ್ಲಿರಲಿ. ವೆಂಟಿಲೇಟರ್ ಬೇಡವೆಂಬ ಇಚ್ಛೆ ರೋಗಿಗೆ ಇದ್ದರೆ ಎಚ್ಚರವಿರುವಾಗಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ವಿಧಾನವನ್ನು 2023ರಲ್ಲಿ ಸರಳ ಮಾಡಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4ಎ, ಯಾವ ವೈದ್ಯರು ಕೊಡುತ್ತಾರೆಂದೂ ಮೊದಲೇ ಕೇಳಿಟ್ಟುಕೊಳ್ಳಿ. ಸಾವಿನ ನೋಂದಣಿಗೆ 21 ದಿನಗಳ ಗಡುವು.

ಜನರು ಇಷ್ಟೆಲ್ಲ ಕೇಳಿದರೂ ‘ಇದೆ’ ಎನ್ನುವವರು ಹತ್ತಿರದಲ್ಲಿ ಇರಬೇಕಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಮಾರ್ಫಿನ್ ಮಾನ್ಯತೆ ಕೊಡಿಸಿ, ಅಲ್ಲಿ ಒಬ್ಬ ವೈದ್ಯರಿಗೂ ಇಬ್ಬರು ನರ್ಸ್‌ಗಳಿಗೂ ತರಬೇತಿ ಕೊಡಿಸಿ. ಗುಳಿಗೆ ಯಾವ ದಿನ ಸಿಗುತ್ತದೆ, ರೋಗಿಯ ಬದಲು ಮನೆಯವರು ಬಂದರೆ ಸಾಕೇ, ರಾತ್ರಿಯ ಫೋನ್ ನಂಬರ್ ಯಾವುದು ಎಂಬುದನ್ನು ಹೊರರೋಗಿ ವಿಭಾಗದ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ.

ಮನೆ ಆರೈಕೆಯ ಶುಶ್ರೂಷಕರು,
ವಿಜಯಪುರ